ಕಂಪ್ಯೂಟರ್ ಹಿಂದಿನ ಆ ಚೌಕದ ಕಿಂಡಿ: ಅಗ್ಗದ ಚಿಪ್‌ನ ಬಿಲ್ ಕಟ್ಟೋದು ಯಾರು?

ಊರಿಗಾಂನಿಂದ ಮಾತಾಡ್ತಿದ್ದೀನಿ. ಕಂಪ್ಯೂಟರ್ ತಗೊಳ್ಳುವಾಗ ನಾವು ಏನೇನು ಕೇಳ್ತೀವಿ? ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು, ಎಸ್‌ಎಸ್‌ಡಿ ಇದೆಯಾ. ಹಿಂದುಗಡೆ ಲ್ಯಾನ್ ಕೇಬಲ್ ಸಿಕ್ಕಿಸೋ ಚೌಕದ ಕಿಂಡಿ ಇರುತ್ತಲ್ಲ, ಅದರ ಒಳಗೆ ಯಾವ ಚಿಪ್ ಇದೆ ಅಂತ ಮಾತ್ರ ಯಾರೂ ಕೇಳಲ್ಲ. ಯಾಕೆ ಕೇಳಲ್ಲ ಅನ್ನೋದಕ್ಕೂ ಒಂದು ಇತಿಹಾಸ ಇದೆ. ಇವತ್ತು ಅದೇ ಕಥೆ.

ನಮ್ಮೂರಿಂದಲೇ ಶುರು ಮಾಡೋಣ. 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್ ಗಣಿಗಳಿಗೆ ಕರೆಂಟ್ ಬಂತು. ಸುಮಾರು 147 ಕಿಲೋಮೀಟರ್ ದೂರ. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ವಿದ್ಯುತ್ ಲೈನ್‌ಗಳಲ್ಲಿ ಅದೂ ಒಂದು. ಆದರೆ ಲೈನ್ ಎಷ್ಟೇ ದೊಡ್ಡದಿರಲಿ, ಗಣಿ ಕಡೆಯ ಟ್ರಾನ್ಸ್‌ಫಾರ್ಮರ್ ಕೈಕೊಟ್ಟರೆ ಮೋಟರ್ ತಿರುಗಲ್ಲ. ಇಂಟರ್ನೆಟ್ಟೂ ಹಾಗೇ. ಫೈಬರ್ ಮನೆ ಬಾಗಿಲವರೆಗೂ ಬಂದಿರಬಹುದು, ಕಂಪ್ಯೂಟರ್‌ಗೆ ಅದನ್ನು ಮುಟ್ಟಿಸೋದು ಮಾತ್ರ ಈ ಕಿಂಡಿಯ ಹಿಂದಿರೋ ಚಿಪ್ಪು.

ಈ ಕೇಬಲ್ ವ್ಯವಸ್ಥೆಯ ಹೆಸರು ಈಥರ್ನೆಟ್. 1973ರಲ್ಲಿ ಅಮೆರಿಕದ ಜೆರಾಕ್ಸ್ ಕಂಪನಿಯ ಪ್ರಯೋಗಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಮತ್ತು ಅವರ ಜೊತೆಗಾರರು ಇದನ್ನು ಶುರು ಮಾಡಿದರು. ಮೊದಮೊದಲು ನೆಟ್‌ವರ್ಕ್ ಕಾರ್ಡನ್ನು ಬೇರೆಯಾಗಿಯೇ ಕೊಳ್ಳಬೇಕಿತ್ತು, ಬೆಲೆಯೂ ಜಾಸ್ತಿ. 1980ರ ದಶಕದ ಕೊನೆಗೆ ನೋವೆಲ್ ಅನ್ನೋ ಕಂಪನಿ ಎನ್‌ಇ2000 ಕಾರ್ಡ್ ತಂತು. ನೋವೆಲ್‌ಗೆ ಬೇಕಿದ್ದದ್ದು ತನ್ನ ನೆಟ್‌ವೇರ್ ಸಾಫ್ಟ್‌ವೇರ್ ಮಾರಾಟ. ಕಾರ್ಡ್ ಅಗ್ಗವಾದಷ್ಟೂ ಅದಕ್ಕೇ ಲಾಭ. ಬೇರೆ ಬೇರೆ ಕಂಪನಿಗಳು ಅದೇ ವಿನ್ಯಾಸದ ನಕಲು ಕಾರ್ಡ್‌ಗಳನ್ನು ಮಾಡಿದವು, ಬೆಲೆ ಬಿತ್ತು.

ಅಗ್ಗ ಆಗಿದ್ದು ಹೇಗೆ ಅಂದ್ರೆ, ಕಾರ್ಡ್ ಮಾಡಬೇಕಾದ ಕೆಲಸವನ್ನು ಪ್ರೊಸೆಸರ್ ತಲೆಗೆ ಕಟ್ಟಿದರು. ಬಂದ ಡೇಟಾವನ್ನೆಲ್ಲ ಪ್ರೊಸೆಸರ್ರೇ ಎತ್ತಿ ಮೆಮೊರಿಗೆ ಹಾಕಬೇಕು. ಲಾರಿ ಬಂದಾಗಲೆಲ್ಲ ಅಂಗಡಿ ಯಜಮಾನರೇ ಗಲ್ಲಾ ಬಿಟ್ಟು ಎದ್ದು ಹೋಗಿ ಮೂಟೆ ಇಳಿಸಿದ ಹಾಗೆ. ಹಮಾಲಿ ಕೂಲಿ ಉಳೀತು ನಿಜ. ಗಿರಾಕಿ ಕಾಯ್ತಾ ನಿಂತ.

1990ರ ದಶಕದ ಕೊನೆಗೆ ತೈವಾನ್‌ನ ರಿಯಲ್‌ಟೆಕ್ ಕಂಪನಿಯ ಆರ್‌ಟಿಎಲ್8139 ಬಂತು. ಸೆಕೆಂಡಿಗೆ 100 ಮೆಗಾಬಿಟ್ ವೇಗ, ಸಿಕ್ಕಾಪಟ್ಟೆ ಅಗ್ಗ. ಇದು ಮೆಮೊರಿಯಿಂದ ಡೇಟಾವನ್ನು ತಾನೇ ತಗೊಳ್ಳುತ್ತೆ, ಆದರೆ ಒಂದು ಷರತ್ತು: ಡೇಟಾ ಅದಕ್ಕೆ ಒಪ್ಪೋ ಜಾಗದಲ್ಲಿ ಜೋಡಿಸಿಟ್ಟಿರಬೇಕು. ಇಲ್ಲದಿದ್ದರೆ ಪ್ರೊಸೆಸರ್ ಮೊದಲು ಅದನ್ನು ಕಾಪಿ ಮಾಡಿ ಕೊಡಬೇಕು. ಆಮೇಲೆ ಇಂಥ ಚಿಪ್‌ಗಳು ಮದರ್‌ಬೋರ್ಡ್ ಮೇಲೇ ಕೂತವು. ಬಿಲ್‌ನಲ್ಲಿ ನೆಟ್‌ವರ್ಕ್ ಕಾರ್ಡ್ ಅನ್ನೋ ಸಾಲೇ ಮಾಯ ಆಯ್ತು. ಸಾಲು ಹೋದಮೇಲೆ ಪ್ರಶ್ನೆಯೂ ಹೋಯ್ತು.

ನಾನು ಓದಿದ್ದು ಕಾಮರ್ಸ್. ನನಗೆ ಇಲ್ಲಿ ಕಾಣೋದು ಲೆಕ್ಕದ ಸಮಸ್ಯೆ. ಕಂಪ್ಯೂಟರ್‌ನ ಬೆಲೆ ಒಬ್ಬರ ಪುಸ್ತಕದಲ್ಲಿ ಬರುತ್ತೆ, ಕಾಯೋ ಸಮಯ ಯಾರ ಪುಸ್ತಕದಲ್ಲೂ ಬರಲ್ಲ. ಟೆಂಡರ್‌ನಲ್ಲಿ ‘10/100/1000 ಈಥರ್ನೆಟ್’ ಅಂತಷ್ಟೇ ಬರೆದಿದ್ದರೆ ಒಳ್ಳೆ ಚಿಪ್ಪೂ ಪಾಸ್, ಸಾಧಾರಣ ಚಿಪ್ಪೂ ಪಾಸ್. ಆಮೇಲೆ ಕಡಿಮೆ ಬೆಲೆ ಹೇಳಿದವರೇ ಗೆಲ್ತಾರೆ.

2001ರ ಫೆಬ್ರವರಿ 28ಕ್ಕೆ ನಮ್ಮ ಗಣಿ ಮುಚ್ಚಿತು. ಹೆಚ್ಚುಕಮ್ಮಿ ಅದೇ ಹೊತ್ತಿಗೆ ‘ಭೂಮಿ’ ಯೋಜನೆಯಲ್ಲಿ ರಾಜ್ಯದ ತಾಲ್ಲೂಕು ಕಚೇರಿಗಳಿಗೆಲ್ಲ ಕಂಪ್ಯೂಟರ್ ಬಂದು, 15 ರೂಪಾಯಿಗೆ ಪಹಣಿ ಪ್ರಿಂಟ್ ಆಗೋಕೆ ಶುರುವಾಯ್ತು. ನಿಜವಾಗಿಯೂ ದೊಡ್ಡ ಬದಲಾವಣೆ ಅದು. ಅಲ್ಲಿಂದಾಚೆ ನಮ್ಮ ಪಿಂಚಣಿ, ಪಹಣಿ, ಜಾತಿ ಪ್ರಮಾಣಪತ್ರ ಎಲ್ಲ ಒಂದು ಪರದೆಯ ಹಿಂದೆ ಸೇರಿಕೊಂಡವು. ‘ಸರ್ವರ್ ಇಲ್ಲ, ನಾಳೆ ಬನ್ನಿ’ ಅನ್ನೋ ಮಾತು ಕೇಳದವರು ಯಾರಿದ್ದಾರೆ? ಸರ್ವರ್ರೇ ಬಿದ್ದಿರಬಹುದು, ಆ ಟೇಬಲ್ ಕೆಳಗಿನ ಕೇಬಲ್ ಸಡಿಲ ಆಗಿರಬಹುದು. ಕ್ಯೂನಲ್ಲಿ ನಿಂತ ಅಜ್ಜಿಗೆ ಎರಡೂ ಒಂದೇ. ಒಂದು ದಿನದ ಕೂಲಿ ಹೋಯ್ತು.

ಈ ವ್ಯತ್ಯಾಸ ಒಂದೇ ಬ್ರ್ಯಾಂಡ್ ಒಳಗೂ ಇರುತ್ತೆ. ಡೆಲ್ ಆಪ್ಟಿಪ್ಲೆಕ್ಸ್ ನೋಡಿ. 2013ರ ಸುಮಾರಿನ ಕಡಿಮೆ ಬೆಲೆಯ 3020ರಲ್ಲಿ ರಿಯಲ್‌ಟೆಕ್ ಚಿಪ್, ಮೇಲಿನ ದರ್ಜೆಯ 9020ರಲ್ಲಿ ಇಂಟೆಲ್ ಚಿಪ್. ಹೊರಗಿಂದ ನೋಡಿದರೆ ಅಣ್ಣತಮ್ಮ ಇದ್ದ ಹಾಗೆ. ಕಂಪನಿಗಳು ಬಳಸಿ ಬಿಟ್ಟ ಇಂಥ ಮಷೀನ್‌ಗಳೇ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್ ಮಾರಾಟಕ್ಕೆ ಬರೋದು. ಯಾವುದೋ ಆಫೀಸಿನ ಖರೀದಿ ವಿಭಾಗ ಹತ್ತು ವರ್ಷದ ಹಿಂದೆ ಮಾಡಿದ ಆಯ್ಕೆ, ಇವತ್ತು ರಾಬರ್ಟ್‌ಸನ್‌ಪೇಟೆಯ ಒಂದು ಮನೆಯಲ್ಲಿ ಆನ್‌ಲೈನ್ ಪರೀಕ್ಷೆ ಬರೆಯೋ ಹುಡುಗಿಯ ಮುಂದೆ ಕೂತಿರುತ್ತೆ.

ಹಾಗಂತ ರಿಯಲ್‌ಟೆಕ್ ಅಂದ್ರೆ ಕೆಟ್ಟದ್ದು, ಇಂಟೆಲ್ ಅಂದ್ರೆ ಒಳ್ಳೇದು ಅಂತ ತೀರ್ಪು ಕೊಡಬೇಡಿ. ಈಗಿನ ರಿಯಲ್‌ಟೆಕ್ ಗಿಗಾಬಿಟ್ ಚಿಪ್‌ಗಳು ಮನೆ ಕೆಲಸಕ್ಕೆ ಧಾರಾಳ ಸಾಕು. ಇಂಟೆಲ್‌ನ ಐ225 ಚಿಪ್‌ನ ಮೊದಲ ಆವೃತ್ತಿಗಳಲ್ಲೇ 2020ರಲ್ಲಿ ದೋಷ ಕಂಡುಬಂತು. ಕೆಲವು ಸ್ವಿಚ್‌ಗಳ ಜೊತೆ 2.5 ಗಿಗಾಬಿಟ್ ವೇಗದಲ್ಲಿ ಡೇಟಾ ಕಳೆದುಹೋಗ್ತಿತ್ತು, ಚಿಪ್ಪನ್ನೇ ತಿದ್ದಬೇಕಾಯ್ತು. ಹೆಸರು ನೋಡಿದರೆ ಸಾಲದು, ಪರೀಕ್ಷೆ ಮಾಡಬೇಕು.

ಅದು ಕಷ್ಟ ಏನಲ್ಲ. ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಅಂಗಡಿಯಲ್ಲೇ ಕೇಬಲ್ ಹಾಕಿಸಿ. ಕಿಂಡಿ ಅಲುಗಾಡ್ತಿದೆಯಾ ನೋಡಿ. ಡಿವೈಸ್ ಮ್ಯಾನೇಜರ್‌ನಲ್ಲಿ ಚಿಪ್‌ನ ಹೆಸರು ಓದಿ. ಆಮೇಲೆ ಲಿಂಕ್ ಸ್ಪೀಡ್ ನೋಡಿ. ಕಂಪ್ಯೂಟರ್, ರೂಟರ್ ಎರಡೂ ಗಿಗಾಬಿಟ್ ಆಗಿದ್ದೂ 1000 ಬದಲು 100 ತೋರಿಸಿದರೆ ಮೊದಲು ಕೇಬಲ್ ಬದಲಿಸಿ. 100ಕ್ಕೆ ಎರಡು ಜೊತೆ ತಂತಿ ಸಾಕು, 1000ಕ್ಕೆ ನಾಲ್ಕೂ ಜೊತೆ ಬೇಕು. ಒಂದು ತಂತಿ ತುಂಡಾಗಿದ್ದರೂ ವೇಗ ಇಳಿಯುತ್ತೆ, ಬೈಗುಳ ಮಾತ್ರ ಚಿಪ್‌ಗೆ ಬೀಳುತ್ತೆ. ಕೇಬಲ್ ಬದಲಿಸಿದರೂ ಅಷ್ಟೇ ಇದ್ದರೆ, ಬೇರೆ ಕಾರ್ಡ್ ಹಾಕಿಸಬಹುದು. ಇಡೀ ಮಷೀನ್ ಎಸೆಯಬೇಕಿಲ್ಲ.

ನಿಮ್ಮ ಕಾಲೇಜಲ್ಲೋ ಪಂಚಾಯಿತಿಯಲ್ಲೋ ಕಂಪ್ಯೂಟರ್ ಖರೀದಿ ನಡೆದರೆ, ಆ ಪಟ್ಟಿಯಲ್ಲಿ ಚಿಪ್‌ನ ಹೆಸರು, ಪರೀಕ್ಷೆಯ ವಿಧಾನ ಅಂತ ಎರಡು ಸಾಲು ಸೇರಿಸಿ ಅಂತ ಕೇಳಿ. ಬಿಲ್‌ನಿಂದ ಮಾಯ ಆದ ಸಾಲು ವಾಪಸ್ ಬರಲಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.