ಕುಮಟಾ ಕಡೆ ಮನೆ ಮಾಡ್ಬೇಕಾ? ಅಡ್ವಾನ್ಸ್ ಕೊಡುವ ಮುಂಚೆ ಮೇ ತಿಂಗಳ ಬಾವಿ, ಜುಲೈ ತಿಂಗಳ ರಸ್ತೆ ನೋಡಿ

ಕುಮಟಾ: "ಇಲ್ಲೆಲ್ಲಾದ್ರೂ ಸಣ್ಣ ಮನೆ ಸಿಗ್ತದಾ? ಸಮುದ್ರ ಹತ್ರ ಹತ್ತು ಗುಂಟೆ ಜಾಗ ಇದ್ಯಾ?" ಬಾಡ, ಕಾಗಾಲ, ಧಾರೇಶ್ವರ, ಅಘನಾಶಿನಿ ಕಡೆಯ ಅಂಗಡಿಯವರಿಗೆ ಈ ಪ್ರಶ್ನೆ ಹೊಸದಲ್ಲ. ಗೋಕರ್ಣದ ಗದ್ದಲ ಬೇಡ, ಆದರೆ ಸಮುದ್ರ ಬೇಕು ಎನ್ನುವವರು ಈ ಊರುಗಳನ್ನು ಹುಡುಕಿಕೊಂಡು ಬರುತ್ತಾರೆ. ನಿವೃತ್ತಿಯಾದವರು, ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುವವರು, ಮುಂಬಯಿಯಲ್ಲಿ ಮೂವತ್ತು ವರ್ಷ ದುಡಿದು ಊರಿಗೆ ಮರಳುವ ಇಲ್ಲಿನವರೇ ಮಕ್ಕಳು, ಎಲ್ಲರೂ ಇದ್ದಾರೆ.

ಹೆಚ್ಚಿನವರು ಜಾಗ ನೋಡುವುದು ಡಿಸೆಂಬರ್, ಜನವರಿಯಲ್ಲಿ. ಆಗ ಬಾವಿಯಲ್ಲಿ ನೀರಿರುತ್ತದೆ, ಗಾಳಿ ತಂಪು, ರಸ್ತೆ ಒಣಗಿರುತ್ತದೆ. ಆ ಖುಷಿಯಲ್ಲೇ ಅಡ್ವಾನ್ಸ್ ಕೊಟ್ಟು ಹೋಗುತ್ತಾರೆ. ಜಾಗದ ನಿಜ ಗೊತ್ತಾಗುವುದು ಮೇ ಕೊನೆಯ ವಾರ ಬಾವಿ ನೀರಿನಲ್ಲಿ, ಜುಲೈಯಲ್ಲಿ ಮನೆಯೆದುರಿನ ದಾರಿಯಲ್ಲಿ. ಇವೆರಡನ್ನೂ ನೋಡದೆ ದುಡ್ಡು ಕೊಡಬಾರದು. ಸಾಧ್ಯವಿದ್ದರೆ ಒಂದು ಮಳೆಗಾಲ ಬಾಡಿಗೆಗೆ ಇದ್ದು ನೋಡುವುದೇ ಒಳ್ಳೆಯದು.

ಬಾವಿ ನೀರು

ಸಮುದ್ರದಂಚಿನ ಹೊಯ್ಗೆ ನೆಲದಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿದಂತೆ ನಿಂತಿರುತ್ತದೆ. ಕೊಡಪಾನದಲ್ಲಿ ಸೇದುವವರೆಗೆ ತೊಂದರೆ ಕಡಿಮೆ. ಪಂಪು ಹಾಕಿ ದಿನವಿಡೀ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಬೋರ್‌ವೆಲ್ ಕೊರೆದರೆ ಎಲ್ಲ ಸರಿಯಾಗ್ತದೆ ಎಂಬ ನಂಬಿಕೆ ಇಲ್ಲಿ ನಡೆಯುವುದಿಲ್ಲ. ಆಳ ಹೋದಷ್ಟೂ ಉಪ್ಪು ಸಿಗುವ ಜಾಗಗಳೇ ಹೆಚ್ಚು. ಮಾರುವವರು ಹೇಳುವುದಕ್ಕಿಂತ ಪಕ್ಕದ ಮನೆಯ ಹೆಂಗಸರನ್ನು ಕೇಳುವುದು ಒಳ್ಳೆಯದು. ಮೇ ತಿಂಗಳಲ್ಲಿ ಅನ್ನ-ಸಾರಿಗೆ ಯಾವ ಬಾವಿ ನೀರು ತರ್ತಾರೆ, ಬೇಳೆ ಬೇಯ್ತದಾ, ಸೋಪು ನೊರೆ ಬರ್ತದಾ ಎಂದು ಕೇಳಿದರೆ ಸಾಕು, ಲ್ಯಾಬ್ ವರದಿಗಿಂತ ಮೊದಲೇ ಉತ್ತರ ಸಿಗುತ್ತದೆ. ಪಂಚಾಯ್ತಿ ನಳ ಇದ್ದರೆ ಬೇಸಿಗೆಯಲ್ಲಿ ಎಷ್ಟು ದಿನಕ್ಕೊಮ್ಮೆ ನೀರು ಬಿಡುತ್ತಾರೆ ಎಂಬುದನ್ನೂ ಕೇಳಬೇಕು.

ಅಘನಾಶಿನಿ ಹೊಳೆಯ ಅಂಚಿನ ಗಜನಿ ಭೂಮಿ ಬೇರೆಯೇ ಲೆಕ್ಕ. ಭರತದ ನೀರು ಒಳಬರುವ ಈ ನೆಲ ಉಪ್ಪು ತಾಳುವ ಕಗ್ಗ ಭತ್ತಕ್ಕೆ, ಸಿಗಡಿಗೆ ಹೇಳಿ ಮಾಡಿಸಿದ್ದು. ಮನೆಗಲ್ಲ. ಅಣೆಕಟ್ಟು ಇಲ್ಲದ ಈ ಹೊಳೆಯ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿದೆ. ಹೊಳೆ ಕಾಣುವ ಜಾಗ ಅಗ್ಗಕ್ಕೆ ಸಿಗ್ತಾ ಇದೆ ಎಂದರೆ ಕಾರಣ ಕೇಳಲೇಬೇಕು.

ಮಳೆ ಅಂದರೆ ಮಳೆ

ಇಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಚಿರೆಕಲ್ಲಿನ ಗೋಡೆಗೆ ಗಿಲಾವು ಸರಿ ಇಲ್ಲದಿದ್ದರೆ ನೀರು ಒಳಗೇ ಇಳಿಯುತ್ತದೆ. ಹಳಬರು ಪಡಸಾಲೆಗೆ ಮಡಲಿನ ತಟ್ಟಿ ಕಟ್ಟುತ್ತಿದ್ದದ್ದು ಚಂದಕ್ಕಲ್ಲ. ಬಟ್ಟೆ ಒಣಗುವುದಿಲ್ಲ, ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ. ಗಾಳಿಗೆ ಮರ ಬಿದ್ದರೆ ಕರೆಂಟು ಒಂದು ದಿನವೂ ಹೋಗಬಹುದು, ಎರಡು ದಿನವೂ ಹೋಗಬಹುದು. ಇಂಟರ್ನೆಟ್ ನಂಬಿ ಬರುವವರು ಇನ್ವರ್ಟರ್ ಲೆಕ್ಕ ಹಾಕಿಕೊಂಡೇ ಬರಬೇಕು. ಯಾವ ಕಂಪನಿಯ ಟವರ್ ಆ ಕೇರಿಯಲ್ಲಿ ಸಿಗ್ತದೆ ಎಂದು ಹತ್ತಿರದ ಕಿರಾಣಿ ಅಂಗಡಿಯವರಿಗೆ ಗೊತ್ತಿರುತ್ತದೆ. ಉಪ್ಪುಗಾಳಿಗೆ ಫ್ರಿಜ್, ಎಸಿ, ಕಿಟಕಿಯ ಕಬ್ಬಿಣ, ಗೇಟು ಬೇಗ ತುಕ್ಕು ಹಿಡಿಯುತ್ತವೆ.

ಗುಡ್ಡ ಕಡಿದು ಮಾಡಿದ ಸೈಟು ಇದ್ದರೆ ಮೇಲೆ ತಲೆ ಎತ್ತಿ ನೋಡಬೇಕು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಜನ ಸತ್ತರು, ಹೆದ್ದಾರಿ ದಿನಗಟ್ಟಲೆ ಬಂದ್ ಆಯ್ತು. ಮಳೆಗಾಲದಲ್ಲಿ ಘಟ್ಟದ ರಸ್ತೆಗಳದ್ದೂ ಇದೇ ಪಾಡು, ಹೊರಡುವ ಮುಂಚೆ ವಿಚಾರಿಸಿಕೊಳ್ಳಬೇಕು. ಕೊಂಕಣ ರೈಲ್ವೆಗೆ ಮಳೆಗಾಲದ ವೇಳಾಪಟ್ಟಿಯೇ ಬೇರೆ. ಬೆಂಗಳೂರಿನಿಂದ ಬರುವವರಿಗೆ ರಾತ್ರಿಯ ಪಂಚಗಂಗಾ ಎಕ್ಸ್‌ಪ್ರೆಸ್ ಅನುಕೂಲ.

ಕಾಗದಪತ್ರ

ದುಡ್ಡು ಸಿಕ್ಕಿಬೀಳುವುದು ಇಲ್ಲಿಯೇ. ಸಮುದ್ರದ ಭರತದ ಗೆರೆಯಿಂದ 500 ಮೀಟರ್‌ವರೆಗೆ ಸಿಆರ್‌ಝಡ್ ವ್ಯಾಪ್ತಿ. ಗ್ರಾಮೀಣ ಭಾಗದಲ್ಲಿ ಹೊಸ ಕಟ್ಟಡಕ್ಕೆ ಬಿಡದ ಪಟ್ಟಿಯನ್ನು 2019ರ ಅಧಿಸೂಚನೆ ಜನಸಾಂದ್ರತೆ ನೋಡಿ ಎರಡು ಮಾಡಿದೆ: ದಟ್ಟ ಊರಿನಲ್ಲಿ 50 ಮೀಟರ್, ಉಳಿದ ಕಡೆ 200 ಮೀಟರ್. ಭರತದ ನೀರು ಬರುವ ಹೊಳೆಯ ದಂಡೆಗೂ ನಿಯಮ ಇದೆ. "ಪಕ್ಕದವರು ಕಟ್ಟಿದ್ದಾರಲ್ಲ" ಎಂಬ ಮಾತು ಕಚೇರಿಯಲ್ಲಿ ನಡೆಯುವುದಿಲ್ಲ. ಅವರದ್ದು ಹಳೇ ಮನೆಯ ರಿಪೇರಿ ಇರಬಹುದು, ನೋಟಿಸ್ ಬಂದೂ ಇರಬಹುದು. ಸರ್ವೆ ನಂಬರ್ ಹಿಡಿದು ಕಾರವಾರದ ಸಿಆರ್‌ಝಡ್ ಕಚೇರಿಯಲ್ಲಿ ಕೇಳುವುದೇ ದಾರಿ.

2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಕೊಂಡ ಮಾತ್ರಕ್ಕೆ ಮನೆ ಕಟ್ಟಬಹುದು ಅಂತಲ್ಲ, ಬಿನ್‌ಶೇತ್ಕಿ ಆಗಿರಬೇಕು. ಸರ್ವೆ ನಂಬರಿನ ತುಂಡು ಜಾಗ ಕೊಳ್ಳುವುದಾದರೆ 11ಇ ನಕ್ಷೆ, ಪಂಚಾಯ್ತಿ ಆಸ್ತಿಗೆ ಇ-ಸ್ವತ್ತು ಬೇಕು. ಅತಿಕ್ರಮಣದ ಅರಣ್ಯ ಜಾಗವನ್ನು "ನಲವತ್ತು ವರ್ಷದಿಂದ ನಮ್ಮದೇ" ಎಂದು ಕೊಡಬಂದರೆ ಕೈಮುಗಿದು ಬರುವುದು ಒಳ್ಳೆಯದು. ಸೊಪ್ಪಿನ ಬೆಟ್ಟಕ್ಕೂ ಅದೇ ಮಾತು.

ಪಹಣಿಯಲ್ಲಿ ಎಷ್ಟು ಹೆಸರಿದೆ ಎಂದು ಎಣಿಸಬೇಕು. ಊರಲ್ಲಿರುವ ತಮ್ಮ ಮಾರಲು ಒಪ್ಪಿದರೂ ಮುಂಬಯಿಯ ಅಣ್ಣ, ಮದುವೆಯಾಗಿ ಹೋದ ಅಕ್ಕ ಸಹಿ ಹಾಕದೆ ಕೆಲಸ ಮುಗಿಯುವುದಿಲ್ಲ. ಹಿಸ್ಸೆ ಆಗದ ಜಾಗಕ್ಕೆ ಅಡ್ವಾನ್ಸ್ ಕೊಟ್ಟವರು ಕೋರ್ಟಿನ ಕಟ್ಟೆ ಹತ್ತಬೇಕಾಗುತ್ತದೆ. ಹೆಚ್ಚಿನವರು ಮರೆಯುವ ಇನ್ನೊಂದು ಸಂಗತಿ ಹಾದಿ. ಕರಾವಳಿಯ ಎಷ್ಟೋ ಮನೆಗಳಿಗೆ ಪಕ್ಕದವರ ಅಂಗಳವೇ ದಾರಿ. ಇಷ್ಟು ವರ್ಷ ನೆಂಟಸ್ತಿಕೆಯಲ್ಲಿ ನಡೆದುಕೊಂಡು ಬಂದದ್ದು ಹೊರಗಿನವರು ಕಾರು ತಂದ ದಿನ ನಿಲ್ಲಬಹುದು. ಹಾದಿಯ ಹಕ್ಕು ಖರೀದಿ ಪತ್ರದಲ್ಲಿ ಬರೆದಿರಲಿ.

ವಯಸ್ಸಾದವರು ಆಸ್ಪತ್ರೆಯ ದೂರವನ್ನೂ ಲೆಕ್ಕ ಹಾಕಬೇಕು. ಕುಮಟಾದಲ್ಲಿ ತಾಲೂಕು ಆಸ್ಪತ್ರೆ ಇದೆ, ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಇದೆ. ಆದರೆ ಹೃದಯ, ತಲೆಗೆ ಪೆಟ್ಟು ಎಂದರೆ ಆಂಬುಲೆನ್ಸ್ ಈಗಲೂ ಮಣಿಪಾಲ, ಮಂಗಳೂರಿನ ಕಡೆಗೇ ತಿರುಗುತ್ತದೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯ ಬೇಡಿಕೆ ಜಿಲ್ಲೆಯಲ್ಲಿ ವರ್ಷಗಳಿಂದ ಇದೆ.

ಎರಡು ದಿನಕ್ಕೆ ಬರುವವರಿಗೆ

ಊರಿನ ಸಣ್ಣ ಕಡಲತೀರಗಳಲ್ಲಿ ಜೀವರಕ್ಷಕರು ಇರುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅದು ಮಳೆಗಾಲವೂ ಅಲ್ಲ. ಮೀನುಗಾರರು ಇಳಿಯಬೇಡಿ ಅಂದರೆ ಇಳಿಯಬಾರದು, ವಾದ ಬೇಡ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್, ಆಗ ಇಸ್ವಾಣ ಎಲ್ಲಿ ಎಂದು ಹೋಟೆಲಿನವರ ಮೇಲೆ ಸಿಟ್ಟಾದರೆ ಪ್ರಯೋಜನ ಇಲ್ಲ. ಒಣಮೀನು, ಹೊಳೆ ಮೀನು ಸಿಗ್ತದೆ. ಬೇಸಿಗೆಯಲ್ಲಿ ಬಂದರೆ ಅಳ್ವೆಕೋಡಿ, ಹಂದಿಗೋಣದಲ್ಲಿ ಹೆದ್ದಾರಿ ಬದಿಗೆ ಗೊಂಚಲು ಕಟ್ಟಿ ತೂಗುಹಾಕಿದ ಸಿಹಿ ಈರುಳ್ಳಿ ಕೊಂಡೇ ಹೋಗಬೇಕು. ತದಡಿಯಿಂದ ಅಘನಾಶಿನಿಗೆ ದೋಣಿಯಲ್ಲಿ ದಾಟಿದರೆ ಮಿರ್ಜಾನ ಸುತ್ತಿ ಬರುವುದು ತಪ್ಪುತ್ತದೆ. ಕೊನೆಯ ದೋಣಿ ಎಷ್ಟು ಗಂಟೆಗೆ ಎಂದು ಹೋಗುವಾಗಲೇ ಕೇಳಿಟ್ಟುಕೊಳ್ಳಬೇಕು.

ಬಾಡಿಗೆಗೆ ಮನೆ ಕೊಡುವ ಊರಿನವರಿಗೂ ಒಂದು ಮಾತು: ಆಧಾರ್ ಪ್ರತಿ, ಕರಾರು ಪತ್ರ ಇಲ್ಲದೆ ಬೀಗದ ಕೈ ಕೊಡಬೇಡಿ. ವಿದೇಶಿಯರು ಉಳಿದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡುವುದು ಮನೆಯವರದ್ದೇ ಹೊಣೆ.