ಮೂಳೆ ಒಪ್ಪಿಕೊಂಡ ಹಲ್ಲು

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಗಾದೆಯ ಅರ್ಥ ಏನೇ ಇರಲಿ, ಅದನ್ನು ಮೊದಲು ಆಡಿದವರಿಗೆ ಬೊಚ್ಚುಬಾಯಿಯ ಕಷ್ಟ ಚೆನ್ನಾಗಿ ಗೊತ್ತಿದ್ದಿರಬೇಕು. ನಮ್ಮ ಅಜ್ಜಿ ರಾತ್ರಿ ಮಲಗುವ ಮುಂಚೆ ಹಲ್ಲಿನ ಸೆಟ್ಟನ್ನು ತೆಗೆದು ನೀರಿನ ಲೋಟದಲ್ಲಿ ಇಡುತ್ತಿದ್ದರು. ಮಕ್ಕಳಾದ ನಮಗೆ ಅದೊಂದು ತಮಾಷೆ. ಗೋಕುಲಾಷ್ಟಮಿಯ ಚಕ್ಕುಲಿಯನ್ನು ಅವರು ಕುಟ್ಟಿಸಿಕೊಂಡು, ಹಾಲಿನಲ್ಲಿ ನೆನೆಸಿ ತಿನ್ನುತ್ತಿದ್ದುದು ತಮಾಷೆಯಲ್ಲವೆಂದು ತಿಳಿಯಲು ನಮಗೆ ಬಹಳ ವರ್ಷಗಳೇ ಬೇಕಾದವು.

ಇಂದು ಹಲ್ಲು ಕಳೆದುಕೊಂಡವರು ದಂತವೈದ್ಯರ ಬಳಿಗೆ ಹೋದರೆ ‘ಇಂಪ್ಲಾಂಟ್’ ಎಂಬ ಮಾತು ಕೇಳಿಬರುತ್ತದೆ. ದವಡೆಯ ಮೂಳೆಯೊಳಗೆ ಟೈಟಾನಿಯಂ ಲೋಹದ ಸಣ್ಣ ತಿರುಪನ್ನು ಕೂರಿಸಿ, ಅದರ ಮೇಲೆ ಹಲ್ಲನ್ನು ಕಟ್ಟುವ ವಿಧಾನ ಇದು. ತಿರುಪು ಕೂರಿಸಿದ ಮೇಲೆ ವೈದ್ಯರು ಸಾಮಾನ್ಯವಾಗಿ ಹೇಳುವ ಮಾತು, “ಇನ್ನು ಕೆಲವು ತಿಂಗಳು ಕಾಯಬೇಕು” ಎಂದು. ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ದಿನ ಯಾಕೆ ಎಂದು ರೋಗಿ ಗೊಣಗುವುದು ಸಹಜ. ಅದಕ್ಕೆ ಉತ್ತರ ಇತಿಹಾಸದಲ್ಲಿದೆ.

ಬಿದ್ದ ಹಲ್ಲಿನ ಜಾಗವನ್ನು ತುಂಬುವ ಆಸೆ ಬಹಳ ಹಳೆಯದು. ಕ್ರಿಸ್ತಪೂರ್ವದಲ್ಲೇ ಇಟಲಿಯ ಎಟ್ರುಸ್ಕನ್ ಜನರು ಚಿನ್ನದ ತೆಳುಪಟ್ಟಿಯಿಂದ ಬದಲಿ ಹಲ್ಲನ್ನು ಅಕ್ಕಪಕ್ಕದ ಹಲ್ಲುಗಳಿಗೆ ಬಿಗಿಯುತ್ತಿದ್ದರು. ಇದು ನೆರೆಯವರ ಆಸರೆಯಲ್ಲಿ ನಿಂತ ಹಲ್ಲು. ಮೂಳೆಗೂ ಅದಕ್ಕೂ ಸಂಬಂಧವಿಲ್ಲ. ಇದಕ್ಕಿಂತ ಅಚ್ಚರಿಯ ಸಾಕ್ಷ್ಯ ದೊರೆತದ್ದು ಮಧ್ಯ ಅಮೆರಿಕದ ಹೊಂಡುರಾಸ್‌ನಲ್ಲಿ. 1931ರಲ್ಲಿ ಅಲ್ಲಿ ಸಿಕ್ಕಿದ, ಸುಮಾರು ಕ್ರಿ.ಶ. 600ರ ಕಾಲದ ಮಾಯಾ ದವಡೆಯೊಂದರಲ್ಲಿ ಮುಂಭಾಗದ ಮೂರು ಹಲ್ಲುಗಳ ಕುಳಿಗಳಲ್ಲಿ ಚಿಪ್ಪಿನಿಂದ ಕೆತ್ತಿದ ಹಲ್ಲುಗಳಿದ್ದವು. ಸತ್ತವರ ಅಲಂಕಾರಕ್ಕಾಗಿ ಇಟ್ಟಿದ್ದಿರಬೇಕು ಎಂದು ಮೊದಲು ಭಾವಿಸಲಾಗಿತ್ತು. 1970ರಲ್ಲಿ ಎಕ್ಸ್-ರೇ ತೆಗೆದು ನೋಡಿದಾಗ ಎರಡು ಚಿಪ್ಪುಗಳ ಸುತ್ತ ಮೂಳೆ ಬೆಳೆದಿದ್ದುದು ಕಂಡಿತು. ಹಾಗಾದರೆ ಆ ವ್ಯಕ್ತಿ ಬದುಕಿದ್ದಾಗಲೇ ಅವನ್ನು ಕೂರಿಸಿದ್ದರು! ಆ ಕೈಚಳಕದ ಮನುಷ್ಯ ಯಾರೋ, ಆತನ ವಿದ್ಯೆ ಅಲ್ಲಿಂದ ಮುಂದಕ್ಕೆ ಹರಿದು ಬರಲಿಲ್ಲ.

ಹದಿನೆಂಟನೆಯ ಶತಮಾನದ ಯೂರೋಪಿಗೆ ಬರೋಣ. ವೆಸ್ಟ್ ಇಂಡೀಸ್‌ನ ಸಕ್ಕರೆ ಶ್ರೀಮಂತರ ಮನೆಗಳಿಗೆ ಧಾರಾಳವಾಗಿ ಬಂತು, ಹಲ್ಲುಗಳು ಅಷ್ಟೇ ಧಾರಾಳವಾಗಿ ಹುಳುಕಾದವು. ಲಂಡನ್ನಿನ ಪ್ರಖ್ಯಾತ ಶಸ್ತ್ರವೈದ್ಯ ಜಾನ್ ಹಂಟರ್ ಮನುಷ್ಯನ ಹಲ್ಲೊಂದನ್ನು ಕೋಳಿಹುಂಜದ ಜುಟ್ಟಿಗೆ ನೆಟ್ಟು, ಅದು ಅಲ್ಲಿ ಅಂಟಿಕೊಂಡಿತೆಂದು ತೋರಿಸಿದ. 1771ರಲ್ಲಿ ಹಲ್ಲುಗಳ ಬಗ್ಗೆ ಒಂದು ಗ್ರಂಥವನ್ನೂ ಪ್ರಕಟಿಸಿದ. ಒಬ್ಬರ ಹಲ್ಲನ್ನು ಕಿತ್ತು ತಕ್ಷಣ ಇನ್ನೊಬ್ಬರ ಕುಳಿಗೆ ಕೂರಿಸಬಹುದು ಎಂಬ ನಂಬಿಕೆಗೆ ಹಂಟರನ ಹೆಸರಿನಿಂದ ಬಲ ಬಂತು. ಹಲ್ಲು ಯಾರದು? ಬಡವರದು. 1787ರಲ್ಲಿ ಥಾಮಸ್ ರೋಲೆಂಡ್‌ಸನ್ ಬರೆದ ವ್ಯಂಗ್ಯಚಿತ್ರದಲ್ಲಿ ಇದರ ಪೂರ್ತಿ ಕಥೆ ಇದೆ. ಹೊಗೆಗೂಡು ಗುಡಿಸುವ ಹುಡುಗನ ಹಲ್ಲನ್ನು ವೈದ್ಯ ಕೀಳುತ್ತಿದ್ದಾನೆ. ಪಕ್ಕದಲ್ಲಿ ಸಿರಿವಂತ ಹೆಂಗಸು ಕಾದು ಕೂತಿದ್ದಾಳೆ. ಹಲ್ಲು ಮಾರಿದ ಚಿಂದಿಬಟ್ಟೆಯ ಮಕ್ಕಳು ಕೆನ್ನೆ ಹಿಡಿದುಕೊಂಡು ಹೊರಗೆ ಹೋಗುತ್ತಿದ್ದಾರೆ.

ಹೀಗೆ ನೆಟ್ಟ ಹಲ್ಲುಗಳು ಬಾಳಿದ್ದು ಕಡಿಮೆ. ಪರರ ಹಲ್ಲಿನ ಬೇರನ್ನು ದೇಹ ನಿಧಾನವಾಗಿ ಕರಗಿಸಿಬಿಡುತ್ತದೆ. ಹಲ್ಲಿನ ಜೊತೆಗೆ ಸಿಫಿಲಿಸ್‌ನಂಥ ರೋಗವೂ ಬರುವುದೆಂಬ ಭಯ ಹರಡಿ, ಆ ಪದ್ಧತಿ ಕ್ರಮೇಣ ನಿಂತಿತು. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಮರದ ಹಲ್ಲು ಕಟ್ಟಿಸಿಕೊಂಡಿದ್ದರೆಂಬ ಕಥೆಯನ್ನು ನೀವು ಕೇಳಿರಬಹುದು. ಅದು ನಿಜವಲ್ಲ. ಅವರ ಸೆಟ್ಟುಗಳಲ್ಲಿದ್ದುದು ನೀರ್ಗುದುರೆಯ ದಂತ, ಸೀಸ, ಮತ್ತು ಮನುಷ್ಯರ ಹಲ್ಲುಗಳು. ನೀಗ್ರೋಗಳಿಂದ 9 ಹಲ್ಲು ಕೊಂಡದ್ದಕ್ಕೆ ಹಣ ಕೊಟ್ಟ ಲೆಕ್ಕ 1784ರ ಅವರ ಎಸ್ಟೇಟಿನ ಖಾತೆಪುಸ್ತಕದಲ್ಲಿದೆ. ಅಲ್ಲಿ ದುಡಿಯುತ್ತಿದ್ದವರು ಗುಲಾಮರು. ಬೇಡವೆನ್ನುವ ಸ್ವಾತಂತ್ರ್ಯ ಅವರಿಗೆ ಎಷ್ಟಿತ್ತೆಂಬುದನ್ನು ನೀವೇ ಊಹಿಸಿಕೊಳ್ಳಬಹುದು. 1815ರ ವಾಟರ್ಲೂ ಯುದ್ಧದ ಅನಂತರ ಸತ್ತ ಸೈನಿಕರ ಬಾಯಿಂದ ಕಿತ್ತ ಹಲ್ಲುಗಳೂ ಮಾರುಕಟ್ಟೆಗೆ ಬಂದು, ‘ವಾಟರ್ಲೂ ಹಲ್ಲು’ ಎಂಬ ಹೆಸರೇ ಉಳಿಯಿತು.

ಪಿಂಗಾಣಿಯ ಹಲ್ಲು ಮತ್ತು ಗಟ್ಟಿರಬ್ಬರಿನ ತಳಪಾಯ ಬಂದ ಮೇಲೆ, ಅಂದರೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಈ ಅಮಾನುಷ ವ್ಯಾಪಾರ ಮುಗಿಯಿತು. ಸಾಮಾನ್ಯರ ಕೈಗೂ ಸೆಟ್ಟು ಎಟುಕಿತು. ಆದರೆ ಸೆಟ್ಟಿಗೆ ಒಂದು ಹುಟ್ಟುದೋಷವಿದೆ. ಹಲ್ಲಿನ ಬೇರು ಇರುವ ತನಕ ಮಾತ್ರ ಅದನ್ನು ಹಿಡಿದ ಮೂಳೆಗೆ ಕೆಲಸ. ಬೇರು ಹೋದರೆ ಆ ಮೂಳೆ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ. ಇವತ್ತು ಸರಿಯಾಗಿ ಕೂತ ಸೆಟ್ಟು ಕೆಲವು ವರ್ಷಗಳಲ್ಲಿ ಸಡಿಲವಾಗಿ, ಮಾತಾಡುವಾಗ ಜಾರುತ್ತದೆ. ನಮ್ಮ ಅಜ್ಜಿ ನಗುವಾಗಲೆಲ್ಲ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದುದು ನಾಚಿಕೆಯಿಂದಲ್ಲ!

ಬೇರನ್ನೇ ಲೋಹದಲ್ಲಿ ಮಾಡಿ ಮೂಳೆಯಲ್ಲಿ ಕೂರಿಸಿದರೆ? 1809ರಲ್ಲಿ ಮಾಜಿಯೋಲೊ ಎಂಬಾತ ಚಿನ್ನದ ಬೇರನ್ನು ಪ್ರಯತ್ನಿಸಿದ. 1913ರಲ್ಲಿ ಅಮೆರಿಕದ ಗ್ರೀನ್‌ಫೀಲ್ಡ್ ಇರಿಡಿಯಂ-ಪ್ಲಾಟಿನಂ ತಂತಿಯ ಬುಟ್ಟಿಯಂಥ ಬೇರನ್ನು ವರ್ಣಿಸಿದ. 1930ರ ದಶಕದಲ್ಲಿ ಕೋಬಾಲ್ಟ್ ಮಿಶ್ರಲೋಹದ ತಿರುಪುಗಳು ಬಂದವು. ಒಂದೆರಡು ದೀರ್ಘಕಾಲ ನಿಂತದ್ದುಂಟು. ಆದರೆ ಹೆಚ್ಚಿನವುಗಳ ಸುತ್ತ ದೇಹವು ಮೆದುವಾದ ನಾರಿನ ಪೊರೆಯನ್ನು ಹೆಣೆದು, ಪರಕೀಯ ವಸ್ತುವನ್ನು ಮೂಳೆಯಿಂದ ಬೇರ್ಪಡಿಸಿಬಿಡುತ್ತಿತ್ತು. ಬೇಲಿಯ ಗೂಟ ಕೆಸರಿನಲ್ಲಿ ನಿಂತಂತೆ ಹಲ್ಲು ಅಲ್ಲಾಡುತ್ತಿತ್ತು, ಸೋಂಕು ಒಳಗಿಳಿಯುತ್ತಿತ್ತು. ಲೋಹವನ್ನು ಮೂಳೆ ಎಂದಿಗೂ ನೇರವಾಗಿ ಹಿಡಿಯಲಾರದು ಎಂಬುದು ವಿದ್ವಾಂಸರಲ್ಲಿ ಹೆಚ್ಚಿನವರ ಅಭಿಪ್ರಾಯವಾಗಿತ್ತು.

ಇದನ್ನು ಅಲ್ಲಗಳೆದ ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್ ದಂತವೈದ್ಯರೇ ಅಲ್ಲ! 1952ರಲ್ಲಿ ಲುಂಡ್ ವಿಶ್ವವಿದ್ಯಾಲಯದಲ್ಲಿ ಅವರು ಅಧ್ಯಯನ ಮಾಡುತ್ತಿದ್ದುದು ಮೂಳೆಯ ಮಜ್ಜೆಯಲ್ಲಿ ರಕ್ತ ಹರಿಯುವ ಬಗೆಯನ್ನು. ಅದಕ್ಕಾಗಿ ಮೊಲದ ಕಾಲಿನ ಮೂಳೆಯಲ್ಲಿ ಟೈಟಾನಿಯಂನಿಂದ ಮಾಡಿದ ಸಣ್ಣ ವೀಕ್ಷಣಾ ಕೋಶವನ್ನು ಕೂರಿಸಿ, ಸೂಕ್ಷ್ಮದರ್ಶಕದ ಮೂಲಕ ನೋಡುತ್ತಿದ್ದರು. ಟೈಟಾನಿಯಂ ಆಗ ದುಬಾರಿ. ಇದರ ಅದಿರು ನಮ್ಮ ನೆರೆಯ ಕೇರಳದ ಕಡಲತೀರದ ಮರಳಿನಲ್ಲೇ ಹೇರಳವಾಗಿದ್ದರೂ ಅದಿರಿನಿಂದ ಲೋಹವನ್ನು ಪಡೆಯುವುದು ಸುಲಭವಲ್ಲ. ಹಾಗಾಗಿ ಪ್ರಯೋಗ ಮುಗಿದ ಮೇಲೆ ಕೋಶವನ್ನು ತೆಗೆದು ಮತ್ತೆ ಬಳಸುವ ಯೋಚನೆ. ತೆಗೆಯಹೋದರೆ ಅದು ಬರಲಿಲ್ಲ. ಮೂಳೆ ಲೋಹವನ್ನು ಕಚ್ಚಿ ಹಿಡಿದಿತ್ತು; ನಡುವೆ ನಾರಿನ ಪೊರೆಯಿರಲಿಲ್ಲ.

ಟೈಟಾನಿಯಂನ ಬಗ್ಗೆ ಇಂಥ ಸೂಚನೆ ಬೇರೆಯವರಿಗೂ ಸಿಕ್ಕಿತ್ತು. 1951ರಲ್ಲೇ ಅಮೆರಿಕದ ಲೆವೆಂಥಾಲ್ ಇಲಿಗಳ ಮೂಳೆಯಲ್ಲಿ ಇದನ್ನು ಗಮನಿಸಿ ಬರೆದಿದ್ದರು. ಬ್ರೋನೆಮಾರ್ಕ್ ಅವರ ಹಿರಿಮೆ ಕಂಡದ್ದರಲ್ಲಿ ಮಾತ್ರವಲ್ಲ, ಕಂಡದ್ದನ್ನು ಬಿಡದೆ ಹಿಂಬಾಲಿಸಿದ್ದರಲ್ಲಿದೆ ಎಂದು ನನ್ನ ಅಭಿಪ್ರಾಯ. 1960ರಲ್ಲಿ ಗೋಥೆನ್‌ಬರ್ಗ್‌ಗೆ ಹೋದ ಮೇಲೆ ನಾಯಿಗಳ ದವಡೆಯಲ್ಲಿ ಪರೀಕ್ಷಿಸಿದರು. ಸ್ವಯಂಸೇವಕರ ತೋಳಿನಲ್ಲಿ ಟೈಟಾನಿಯಂ ಕೋಶಗಳನ್ನಿಟ್ಟು, ದೇಹ ಅದನ್ನು ಸಹಿಸುವುದನ್ನು ನೋಡಿದರು. ಮೊಲದ ಕಾಲಿನಿಂದ ಮನುಷ್ಯನ ಬಾಯಿಗೆ ಬರಲು 13 ವರ್ಷ ತೆಗೆದುಕೊಂಡರು. 1965ರಲ್ಲಿ ಬಂದ ಮೊದಲ ರೋಗಿಗೆ 34 ವರ್ಷ; ಹುಟ್ಟಿನಿಂದಲೇ ಅಂಗುಳ ಸೀಳಿತ್ತು, ದವಡೆ ವಿಕಾರವಾಗಿತ್ತು. ಆತನ ಕೆಳದವಡೆಯಲ್ಲಿ ನಾಲ್ಕು ತಿರುಪುಗಳನ್ನು ಕೂರಿಸಿ, ಒಸಡು ಹೊಲಿದು, ತಿಂಗಳುಗಟ್ಟಲೆ ಕಾದು, ಅನಂತರ ಹಲ್ಲು ಕಟ್ಟಿದರು.

ಆ ಕಾಯುವಿಕೆಯೇ ಹೊಸ ವಿಷಯ. ಹಿಂದಿನವರು ಬೇರು ಕೂರಿಸಿದ ಕೂಡಲೇ ಅದರ ಮೇಲೆ ಹಲ್ಲಿಟ್ಟು ಅಗಿಯಲು ಬಿಡುತ್ತಿದ್ದುದೇ ಹೆಚ್ಚು. ಗಾಯ ಮಾಯುವ ಮೊದಲೇ ಅಲುಗಾಡಿದರೆ ಮೂಳೆಯ ಬದಲು ನಾರು ಬೆಳೆಯುತ್ತದೆ. ಬ್ರೋನೆಮಾರ್ಕ್ ಅವರ ಕ್ರಮದಲ್ಲಿ ಕೆಳದವಡೆಗೆ ಸುಮಾರು 3 ತಿಂಗಳು, ಮೂಳೆ ಮೆದುವಾಗಿರುವ ಮೇಲ್ದವಡೆಗೆ 6 ತಿಂಗಳು ವಿಶ್ರಾಂತಿ. ಹೀಗೆ ಮೂಳೆ ಮತ್ತು ಲೋಹ ಒಂದಾಗುವುದನ್ನು ಅವರು ‘ಆಸಿಯೋಇಂಟಿಗ್ರೇಷನ್’ ಎಂದು ಕರೆದರು. ಸ್ವದೇಶದ ದಂತವೈದ್ಯ ಪಂಡಿತರು ಬಹುಕಾಲ ನಂಬಲಿಲ್ಲ. 1977ರಲ್ಲಿ ಹತ್ತು ವರ್ಷಗಳ ಅನುಭವದ ವರದಿ ಹೊರಬಂತು. 1982ರಲ್ಲಿ ಕೆನಡದ ಟೊರಾಂಟೊದಲ್ಲಿ ನಡೆದ ಸಮ್ಮೇಳನದ ಅನಂತರವೇ ಜಗತ್ತು ಇತ್ತ ತಿರುಗಿದ್ದು.

ಈಗ ನಿಮ್ಮ ಮನೆಯವರೊಬ್ಬರು ಇಂಪ್ಲಾಂಟ್‌ಗೆ ಹೋದರೆಂದು ಇಟ್ಟುಕೊಳ್ಳಿ. ಮೊದಲು ಎಕ್ಸ್-ರೇ ಅಥವಾ ಸ್ಕ್ಯಾನ್ ತೆಗೆದು ಮೂಳೆಯ ಎತ್ತರ ದಪ್ಪ ನೋಡುತ್ತಾರೆ. ಸಾಲದಿದ್ದರೆ ಮೂಳೆ ಕಸಿ ಬೇಕಾಗಬಹುದು, ಆಗ ಇನ್ನಷ್ಟು ತಿಂಗಳು. ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ, ಬೀಡಿ ಸಿಗರೇಟಿನ ಅಭ್ಯಾಸವಿದೆಯೇ ಎಂದು ಕೇಳುತ್ತಾರೆ. ಎರಡೂ ಮೂಳೆ ಕೂಡುವುದಕ್ಕೆ ಅಡ್ಡಿ. ಜಾಗವನ್ನು ಮರಗಟ್ಟಿಸಿ, ತಣ್ಣನೆಯ ಉಪ್ಪುನೀರು ಹರಿಸುತ್ತಾ ನಿಧಾನವಾಗಿ ಮೂಳೆ ಕೊರೆಯುತ್ತಾರೆ. ಈ ನೀರಿಗೂ ಒಂದು ಚರಿತ್ರೆಯಿದೆ: 47 ಡಿಗ್ರಿ ಸೆಲ್ಸಿಯಸ್ ಶಾಖ ಒಂದು ನಿಮಿಷ ತಾಗಿದರೂ ಮೂಳೆಗೆ ಹಾನಿಯೆಂದು ಗೋಥೆನ್‌ಬರ್ಗ್‌ನ ಸಂಶೋಧಕರು 1980ರ ದಶಕದಲ್ಲಿ ಮೊಲಗಳಲ್ಲಿ ತೋರಿಸಿದ್ದರು. ಕೊರೆಯುವಾಗ ನೋವಿಗಿಂತ ಅದುರುವ ಅನುಭವವೇ ಹೆಚ್ಚು. ಅನಂತರ ಕೆಲವು ದಿನ ಬಾವು, ನೋವು, ಮೆದುವಾದ ಊಟ. ಆಮೇಲೆ ಕಾಯುವ ತಿಂಗಳುಗಳು. ಇಂದು ತಿರುಪಿನ ಮೇಲ್ಮೈಯನ್ನು ಒರಟುಗೊಳಿಸಿ ಈ ಅವಧಿಯನ್ನು ಕುಗ್ಗಿಸಿದ್ದಾರೆ, ಆಯ್ದ ಕೆಲವರಿಗೆ ಅದೇ ದಿನ ತಾತ್ಕಾಲಿಕ ಹಲ್ಲನ್ನೂ ಕೊಡುತ್ತಾರೆ. ಆದರೂ ಮೂಳೆ ತನ್ನ ಕೆಲಸವನ್ನು ತನ್ನ ವೇಗದಲ್ಲೇ ಮಾಡುತ್ತದೆ.

ವಿದ್ಯಾರ್ಥಿಗಳಾದ ನಿಮಗೆ ಒಂದು ವಿಶೇಷ ಸಂಗತಿ. ಆಟದಲ್ಲಿ ಬಿದ್ದು ಮುಂದಿನ ಹಲ್ಲು ಹೋದ ಹುಡುಗನಿಗೆ ಸಾಮಾನ್ಯವಾಗಿ ಕೂಡಲೇ ಇಂಪ್ಲಾಂಟ್ ಹಾಕುವುದಿಲ್ಲ. ನಿಜವಾದ ಹಲ್ಲು ದವಡೆ ಬೆಳೆದಂತೆ ತಾನೂ ಸರಿಯುತ್ತದೆ. ಮೂಳೆಗೆ ಬೆಸೆದ ತಿರುಪು ಇದ್ದಲ್ಲೇ ಇದ್ದು, ಹಲ್ಲು ಒಳಗೆ ಹೂತಂತೆ ಕಾಣುತ್ತದೆ. ಬೆಳವಣಿಗೆ ಮುಗಿಯುವ ತನಕ ಅವನಿಗೆ ತಾತ್ಕಾಲಿಕ ಹಲ್ಲೇ ಗತಿ. ಇನ್ನೊಂದು ಮಾತು: ಇಂಪ್ಲಾಂಟ್ ಹುಳುಕಾಗುವುದಿಲ್ಲ, ಆದರೆ ಸುತ್ತಲ ಒಸಡು ಕೊಳೆತರೆ ಮೂಳೆ ಕರಗಿ ಅದೂ ಬೀಳುತ್ತದೆ. ಆದ್ದರಿಂದ ಬ್ರಷ್ಷು ತಪ್ಪುವುದಿಲ್ಲ.

ಬ್ರೋನೆಮಾರ್ಕ್ 2014ರಲ್ಲಿ ತೀರಿಕೊಂಡರು. ಅವರ ಮೊದಲ ರೋಗಿ ಅದಕ್ಕೂ ಮುಂಚೆ, 2006ರಲ್ಲಿ ಕಾಲವಾಗಿದ್ದರು. 1965ರಲ್ಲಿ ಕೂರಿಸಿದ ಆ ತಿರುಪುಗಳು ಕೊನೆಯವರೆಗೂ ಅವರ ದವಡೆಯಲ್ಲೇ ಇದ್ದು ಕೆಲಸ ಮಾಡುತ್ತಿದ್ದವು.