ಸೀಸದಿಂದ ತಾಮ್ರಕ್ಕೆ: ಬೇಟೆಯ ಗುಂಡಿನ ಲೋಹ ಮತ್ತು ತೋಟಾ ತುಂಬುವವರು

ಆಯುಧಗಳ ಚರಿತ್ರೆಯನ್ನು ಬರೆದವರು ಕೋವಿಯ ಬಗೆಗೆ ಬರೆದಷ್ಟು ವಿವರವಾಗಿ ಗುಂಡಿನ ಬಗೆಗೆ ಬರೆದಿಲ್ಲ. ಕೋವಿ ವಸ್ತುಸಂಗ್ರಹಾಲಯದಲ್ಲಿ ಉಳಿಯುತ್ತದೆ; ಗುಂಡು ಹಾರಿದ ಕ್ಷಣದಲ್ಲಿಯೇ ಕಣ್ಮರೆಯಾಗುತ್ತದೆ. ಆದರೆ ಹಾಗೆ ಕಣ್ಮರೆಯಾದ ಲೋಹ ಇಲ್ಲವಾಗುವುದಿಲ್ಲ. ಅದು ಪ್ರಾಣಿಯ ಮಾಂಸದಲ್ಲಿ, ನೆಲದಲ್ಲಿ, ನೀರಿನಲ್ಲಿ ಉಳಿದು ತನ್ನದೇ ಪರಿಣಾಮಗಳನ್ನು ಉಂಟುಮಾಡುತ್ತದೆ. ಶತಮಾನಗಳ ಕಾಲ ಗುಂಡಿನ ಲೋಹವೆಂದರೆ ಸೀಸವೇ ಆಗಿತ್ತು. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ಸೀಸದ ಲೇಶವೂ ಇಲ್ಲದ ಅಪ್ಪಟ ತಾಮ್ರದ ಬೇಟೆಗುಂಡು ಬಳಕೆಗೆ ಬಂದಿತು. ಅಳಿವಿನ ಅಂಚಿನಲ್ಲಿದ್ದ ಪಕ್ಷಿಯೊಂದರ ರಕ್ಷಣೆಗಾಗಿ ಮಾಡಿದ ಕಾನೂನುಗಳೇ ಈ ಬದಲಾವಣೆಗೆ ಕಾರಣವೆಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಘಟನೆಗಳ ಕಾಲಾನುಕ್ರಮವನ್ನು ಪರಿಶೀಲಿಸಿದರೆ ಬೇರೆಯೇ ಚಿತ್ರ ದೊರೆಯುತ್ತದೆ. ತಾಮ್ರದ ಗುಂಡು ಬೇಟೆಗಾರರ ಅಗತ್ಯದಿಂದಲೇ ಹುಟ್ಟಿ, ಮನೆಯಲ್ಲಿ ಸ್ವತಃ ತೋಟಾ ತುಂಬಿಕೊಳ್ಳುವವರ ಕೈಯಲ್ಲಿ ಪರೀಕ್ಷೆಗೊಳಗಾಗಿ, ಕಾನೂನು ಬರುವ ವೇಳೆಗೆ ಸಿದ್ಧವಾಗಿತ್ತು. ಈ ಬೆಳವಣಿಗೆಯ ಹಂತಗಳನ್ನು ಗುರುತಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ.

ಸೀಸದ ಯುಗ

ಗುಂಡಿಗೆ ಸೀಸವನ್ನು ಆರಿಸಿಕೊಳ್ಳಲು ಕಾರಣಗಳು ಸ್ಪಷ್ಟವಾಗಿವೆ. ಅದು ಭಾರವಾದ ಲೋಹ. ಒಂದು ಘನ ಸೆಂಟಿಮೀಟರಿಗೆ 11.34 ಗ್ರಾಂ ತೂಗುತ್ತದೆ. ಕೇವಲ 327 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗುವುದರಿಂದ ಮನೆಯ ಒಲೆಯ ಮೇಲೆಯೇ ಕರಗಿಸಿ ಅಚ್ಚಿಗೆ ಎರೆಯಬಹುದಾಗಿತ್ತು. ಮೃದುವಾದುದರಿಂದ ನಳಿಗೆಯ ಒಳಗಿನ ಸುರುಳಿ ಗೆರೆಗಳನ್ನು ಸುಲಭವಾಗಿ ಹಿಡಿದು ತಿರುಗುತ್ತಿತ್ತು. ಪ್ರಾಣಿಯ ದೇಹವನ್ನು ಹೊಕ್ಕಾಗ ಚಪ್ಪಟೆಯಾಗಿ ಹರಡಿ ದೊಡ್ಡ ಗಾಯವನ್ನುಂಟುಮಾಡುತ್ತಿತ್ತು. ಹತ್ತೊಂಬತ್ತನೆಯ ಶತಮಾನದವರೆಗೆ ಬೇಟೆಗಾರನು ತನ್ನ ಗುಂಡನ್ನು ತಾನೇ ಎರಕ ಹೊಯ್ದುಕೊಳ್ಳುವುದು ವಿಶೇಷವೆನಿಸುವ ಸಂಗತಿಯಾಗಿರಲಿಲ್ಲ.

ಈ ಸ್ಥಿತಿಯನ್ನು ಬದಲಿಸಿದುದು ಮದ್ದು. ಫ್ರಾನ್ಸಿನ ಪಾಲ್ ವಿಯೆಯ್ 1884ರಲ್ಲಿ ಹೊಗೆರಹಿತ ಮದ್ದನ್ನು ಸಿದ್ಧಪಡಿಸಿದನು. 1886ರ ಲೆಬೆಲ್ ರೈಫಲ್ ಅದನ್ನು ಬಳಸಿತು. ಹೊಸ ಮದ್ದು ನೀಡಿದ ವೇಗದಲ್ಲಿ ಬರಿಯ ಸೀಸವು ಸುರುಳಿ ಗೆರೆಗಳಲ್ಲಿ ನಿಲ್ಲದೆ ಜಾರಿ, ಉಜ್ಜಿ, ನಳಿಗೆಗೆ ಮೆತ್ತಿಕೊಳ್ಳುತ್ತಿತ್ತು. ಸ್ವಿಟ್ಜರ್ಲೆಂಡಿನ ಎಡ್ವರ್ಡ್ ರೂಬಿನ್ 1882ರ ಸುಮಾರಿಗೆ ರೂಪಿಸಿದ್ದ, ಸೀಸದ ತಿರುಳಿಗೆ ತಾಮ್ರದ ಕವಚ ತೊಡಿಸಿದ ಗುಂಡು ಈ ತೊಡಕಿಗೆ ಪರಿಹಾರವಾಯಿತು. ತಾಮ್ರವು ಗುಂಡಿನ ಇತಿಹಾಸವನ್ನು ಪ್ರವೇಶಿಸಿದುದು ಹೀಗೆ, ಸೀಸದ ಹೊದಿಕೆಯಾಗಿ. ಗುಂಡನ್ನೇ ಸಂಪೂರ್ಣವಾಗಿ ತಾಮ್ರದ ಮಿಶ್ರಲೋಹದಿಂದ ಮಾಡುವ ಯತ್ನವೂ ತಡವಾಗಲಿಲ್ಲ. ಫ್ರೆಂಚ್ ಸೇನೆಯು 1898ರಲ್ಲಿ ಸ್ವೀಕರಿಸಿದ 'ಬಾಲ್ ಡಿ' ಎಂಬ ಗುಂಡು ಇಡಿಯಾಗಿ ಹಿತ್ತಾಳೆಯದಾಗಿತ್ತು. ಆದರೆ ಅದು ಯುದ್ಧದ ಗುಂಡು. ದೇಹದಲ್ಲಿ ಹರಡುವ ಗುಣ ಅದಕ್ಕಿರಲಿಲ್ಲ.

ದಮ್‌ದಮ್ ಮತ್ತು ಬೇಟೆಯ ಗುಂಡು

ಕವಚವು ಒಂದು ಸಮಸ್ಯೆಯನ್ನು ಬಗೆಹರಿಸಿ ಇನ್ನೊಂದನ್ನು ತಂದಿತು. ಪೂರ್ಣ ಕವಚದ ಗುಂಡು ದೇಹವನ್ನು ಸಣ್ಣ ರಂಧ್ರ ಮಾಡಿ ದಾಟಿಹೋಗುತ್ತಿತ್ತು. 1895ರ ಚಿತ್ರಾಲ್ ದಂಡಯಾತ್ರೆಯ ನಂತರ ಬ್ರಿಟಿಷ್ ಭಾರತದ ಸೈನ್ಯದಲ್ಲಿ ಈ ಬಗೆಗೆ ದೂರುಗಳು ಕೇಳಿಬಂದವು. ಕಲ್ಕತ್ತೆಯ ಸಮೀಪದ ದಮ್‌ದಮ್ ಶಸ್ತ್ರಾಗಾರದ ಅಧಿಕಾರಿ ಕ್ಯಾಪ್ಟನ್ ನೆವಿಲ್ ಬರ್ಟಿ-ಕ್ಲೇ ಗುಂಡಿನ ಮೂತಿಯಲ್ಲಿ ಕವಚವನ್ನು ತೆರೆದಿಟ್ಟು ಒಳಗಿನ ಸೀಸ ಹೊರಕಾಣುವಂತೆ ಮಾಡಿದನು. ಹೀಗೆ ಭಾರತದ ಊರೊಂದರ ಹೆಸರು ಜಗತ್ತಿನ ಶಸ್ತ್ರ ಪರಿಭಾಷೆಯಲ್ಲಿ ಸೇರಿತು. ದೇಹದಲ್ಲಿ ಹರಡುವ ಗುಂಡುಗಳನ್ನು ಯುದ್ಧದಲ್ಲಿ ಬಳಸಬಾರದೆಂದು 1899ರ ಹೇಗ್ ಸಮ್ಮೇಳನದ ಘೋಷಣೆಯು ನಿಷೇಧಿಸಿತು. ಈ ನಿಷೇಧ ಬೇಟೆಗೆ ಅನ್ವಯಿಸಲಿಲ್ಲ. ಪ್ರಾಣಿಯು ನರಳದೆ ಬೇಗ ಸಾಯಬೇಕೆಂಬ ಕಾರಣದಿಂದ ಮೂತಿ ತೆರೆದ ಗುಂಡೇ ಬೇಟೆಯ ಗುಂಡಾಗಿ ಮುಂದುವರಿಯಿತು. ಯುದ್ಧದಲ್ಲಿ ಕ್ರೌರ್ಯವೆನಿಸಿದ ಗುಣವೇ ಬೇಟೆಯಲ್ಲಿ ದಯೆಯೆನಿಸಿತು.

ಆದರೆ ಮೂತಿ ತೆರೆದ ಗುಂಡಿನ ಸೀಸವು ವೇಗ ಹೆಚ್ಚಿದಂತೆ ಚೂರುಚೂರಾಗುತ್ತಿತ್ತು. ದೊಡ್ಡ ಪ್ರಾಣಿಯ ಭುಜಕ್ಕೆ ತಗುಲಿದ ಗುಂಡು ಒಳಗಿನ ಮರ್ಮಸ್ಥಾನವನ್ನು ಮುಟ್ಟುವ ಮೊದಲೇ ಒಡೆದುಹೋಗುವುದುಂಟು. ಜಾನ್ ನೋಸ್ಲರ್ ಎಂಬ ಅಮೆರಿಕನ್ ಬೇಟೆಗಾರನು 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ ಎಂಬ ದೊಡ್ಡ ಕಡವೆಜಾತಿಯ ಪ್ರಾಣಿಯ ಮೇಲೆ ಹಾರಿಸಿದ ಗುಂಡುಗಳು ಹೀಗೆ ವಿಫಲವಾದವು. ಅವನು ಗುಂಡಿನ ನಡುವೆ ತಾಮ್ರದ ಅಡ್ಡಗೋಡೆಯನ್ನಿಟ್ಟು, ಮುಂಭಾಗದ ಸೀಸ ಹರಡಿದರೂ ಹಿಂಭಾಗದ ಸೀಸ ಉಳಿಯುವಂತೆ ಮಾಡಿದನು. ಸೀಸವನ್ನು ಹಿಡಿದಿಡಲು ತಾಮ್ರದ ಪಾಲು ಹೆಚ್ಚುತ್ತ ಹೋದುದನ್ನು ಇಲ್ಲಿ ಗಮನಿಸಬೇಕು.

ತೋಟಾ ತುಂಬುವವರು

ಹಿತ್ತಾಳೆಯ ಕೋಶ, ಕೇಪು, ಮದ್ದು, ಗುಂಡು ಎಂಬ ನಾಲ್ಕು ಭಾಗಗಳು ಕೂಡಿ ತೋಟಾ ಆಗುತ್ತದೆ. ಈಡಾದ ಮೇಲೆ ಉಳಿಯುವುದು ಕೋಶ ಮಾತ್ರ. ಅದನ್ನು ಮೊದಲಿನ ಅಳತೆಗೆ ತಂದು, ಹೊಸ ಕೇಪು ಕೂರಿಸಿ, ಮದ್ದನ್ನು ತೂಗಿ ಹಾಕಿ, ಹೊಸ ಗುಂಡನ್ನು ಒತ್ತಿ ಕೂರಿಸಿದರೆ ತೋಟಾ ಮತ್ತೆ ಸಿದ್ಧವಾಗುತ್ತದೆ. ಕೋಶವೇ ತೋಟಾದ ದುಬಾರಿ ಭಾಗವಾದುದರಿಂದ ಈ ಕೆಲಸ ಮಿತವ್ಯಯದ ಮಾರ್ಗವಾಗಿತ್ತು. ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಜಾನ್ ಬಾರ್ಲೋ 1884ರಲ್ಲಿ ಸ್ಥಾಪಿಸಿದ ಐಡಿಯಲ್ ಸಂಸ್ಥೆಯು ಇದಕ್ಕೆ ಬೇಕಾದ ಉಪಕರಣಗಳನ್ನೂ ಕೈಪಿಡಿಗಳನ್ನೂ ಮಾರುತ್ತಿತ್ತು.

ಎರಡನೆಯ ಮಹಾಯುದ್ಧವು ಈ ಹವ್ಯಾಸಕ್ಕೆ ಹೊಸ ಬಲ ನೀಡಿತು. ಯುದ್ಧಕಾಲದಲ್ಲಿ ಗುಂಡುಗಳು ದೊರೆಯದಿದ್ದಾಗ ಕ್ಯಾಲಿಫೋರ್ನಿಯಾದ ಫ್ರೆಡ್ ಹಂಟಿಂಗ್‌ಟನ್ 1943ರಲ್ಲಿ ಗುಂಡು ಒತ್ತುವ ಅಚ್ಚುಗಳನ್ನು ತಯಾರಿಸತೊಡಗಿದನು. 'ರಾಕ್ ಚಕ್ ಬುಲೆಟ್ ಸ್ವೇಜ್' ಎಂಬ ಅಚ್ಚಿನ ಹೆಸರಿನ ಮೊದಲಕ್ಷರಗಳೇ ಮುಂದೆ ಆರ್‌ಸಿಬಿಎಸ್ ಎಂಬ ಪ್ರಸಿದ್ಧ ಸಂಸ್ಥೆಯ ಹೆಸರಾದವು. ಯುದ್ಧ ಮುಗಿದ ಮೇಲೆ ಬ್ರೂಸ್ ಹಾಡ್ಜ್‌ಡನ್ ಸೇನೆಯಲ್ಲಿ ಉಳಿದ ಮದ್ದನ್ನು ಕೊಂಡು ಅಗ್ಗದ ಬೆಲೆಗೆ ಮಾರಿದನು. ಹೀಗೆ ಬಿಡಿ ಗುಂಡು, ಬಿಡಿ ಮದ್ದು, ಕೈಯಂತ್ರಗಳ ಒಂದು ಪ್ರತ್ಯೇಕ ಮಾರುಕಟ್ಟೆಯೇ ಬೆಳೆಯಿತು. ದೊಡ್ಡ ಕಾರ್ಖಾನೆಗಳು ಎಲ್ಲರಿಗೂ ಒಪ್ಪುವ ತೋಟಾವನ್ನು ತಯಾರಿಸಿದರೆ, ತೋಟಾ ತುಂಬುವವನು ತನ್ನ ಒಂದು ರೈಫಲ್ಲಿಗೆ ಒಪ್ಪುವುದನ್ನು ಹುಡುಕುತ್ತಿದ್ದನು. ಸಣ್ಣ ತಯಾರಕನೊಬ್ಬನು ಹೊಸ ಬಗೆಯ ಗುಂಡನ್ನು ಮಾಡಿದರೆ ಅದನ್ನು ಕೊಂಡು ಪ್ರಯೋಗಿಸಲು ಈ ಜನ ಸಿದ್ಧರಿದ್ದರು.

ಅಪ್ಪಟ ತಾಮ್ರದ ಗುಂಡು

ಅಂತಹ ಸಣ್ಣ ತಯಾರಕರಲ್ಲಿ ಫ್ರೆಡ್ ಬಾರ್ನ್ಸ್ ಒಬ್ಬನು. ಕೊಲೊರಾಡೊ ರಾಜ್ಯದಲ್ಲಿ 1932ರಲ್ಲಿ ಅವನು ಆರಂಭಿಸಿದ ಗುಂಡು ತಯಾರಿಕೆಯು 1974ರಲ್ಲಿ ರಾಂಡಿ ಬ್ರೂಕ್ಸ್ ಮತ್ತು ಕೋನಿ ಬ್ರೂಕ್ಸ್ ದಂಪತಿಗಳ ಕೈಗೆ ಬಂದಿತು. ಗುಂಡು ಒಡೆಯುವುದು ಸೀಸದಿಂದ. ಆದ್ದರಿಂದ ಸೀಸವನ್ನೇ ತೆಗೆದುಹಾಕಿದರೆ ಹೇಗೆ ಎಂಬ ವಿಚಾರ 1980ರ ದಶಕದ ಮಧ್ಯಭಾಗದಲ್ಲಿ ರಾಂಡಿ ಬ್ರೂಕ್ಸ್‌ಗೆ ಹೊಳೆಯಿತು. ಇಡೀ ಗುಂಡನ್ನು ತಾಮ್ರದಿಂದ ಮಾಡಿ, ಮೂತಿಯಲ್ಲಿ ಟೊಳ್ಳು ಬಿಟ್ಟು, ಅದು ದೇಹದಲ್ಲಿ ನಾಲ್ಕು ದಳಗಳಾಗಿ ಬಿಚ್ಚಿಕೊಳ್ಳುವಂತೆ ಮಾಡಲಾಯಿತು. ಮುಂದಿನಿಂದ ನೋಡಿದಾಗ ದಳಗಳು ಕತ್ತರಿ ಗುರುತಿನಂತೆ ಕಾಣುವುದರಿಂದ 'ಎಕ್ಸ್ ಗುಂಡು' ಎಂಬ ಹೆಸರು ಬಂದಿತು. 1989ರಲ್ಲಿ ಅದು ಮಾರುಕಟ್ಟೆಗೆ ಬಂದಾಗ ಸಂಸ್ಥೆ ಮಾರುತ್ತಿದ್ದುದು ಬಿಡಿ ಗುಂಡುಗಳನ್ನೇ ಹೊರತು ತುಂಬಿದ ತೋಟಾಗಳನ್ನಲ್ಲ. ಆದ್ದರಿಂದ ಅದರ ಮೊದಲ ಬಳಕೆದಾರರು ಬಹುಮಟ್ಟಿಗೆ ಮನೆಯಲ್ಲಿ ತೋಟಾ ತುಂಬುವವರೇ ಆಗಿದ್ದರು. ಈ ಹಂತದಲ್ಲಿ ಪಕ್ಷಿಗಳ ಪ್ರಶ್ನೆ ಎಲ್ಲಿಯೂ ಇರಲಿಲ್ಲ. ಆಳವಾಗಿ ನುಗ್ಗುವ, ಒಡೆಯದ ಗುಂಡು ಬೇಕೆಂಬುದಷ್ಟೇ ಉದ್ದೇಶವಾಗಿತ್ತು.

ಹೊಸ ಲೋಹವು ಹಳೆಯ ಅಭ್ಯಾಸಗಳಿಗೆ ಹೊಂದಿಕೊಳ್ಳಲಿಲ್ಲ. ತಾಮ್ರದ ಸಾಂದ್ರತೆ ಘನ ಸೆಂಟಿಮೀಟರಿಗೆ 8.96 ಗ್ರಾಂ ಮಾತ್ರ. ಒಂದೇ ತೂಕದ ಸೀಸಕ್ಕಿಂತ ತಾಮ್ರವು ಕಾಲು ಭಾಗಕ್ಕೂ ಹೆಚ್ಚು ಸ್ಥಳವನ್ನು ಆಕ್ರಮಿಸುತ್ತದೆ. ವ್ಯಾಸವನ್ನು ನಳಿಗೆ ನಿರ್ಧರಿಸುವುದರಿಂದ ಗುಂಡು ಉದ್ದವಾಗಲೇಬೇಕು. ಉದ್ದವಾದ ಗುಂಡು ಹಾರುವಾಗ ಹೊರಳದಿರಬೇಕಾದರೆ ಹೆಚ್ಚು ಬಿಗಿಯಾದ ಸುರುಳಿ ಬೇಕು. ವುಲಿಚ್‌ನ ಪ್ರಾಧ್ಯಾಪಕ ಜಾರ್ಜ್ ಗ್ರೀನ್‌ಹಿಲ್ 1879ರಲ್ಲಿ ಸೀಸದ ಗುಂಡುಗಳಿಗಾಗಿ ನೀಡಿದ ಸೂತ್ರದಲ್ಲಿಯೇ ಈ ಸಂಬಂಧ ಸ್ಪಷ್ಟವಾಗಿದೆ. ಉದ್ದದ ಗುಂಡು ಕೋಶದೊಳಗೆ ಆಳವಾಗಿ ಕುಳಿತು ಮದ್ದಿನ ಸ್ಥಳವನ್ನು ಕಡಿಮೆ ಮಾಡುತ್ತಿತ್ತು. ಗಟ್ಟಿಯಾದ ಲೋಹವು ಸುರುಳಿ ಗೆರೆಗಳಿಗೆ ಸುಲಭವಾಗಿ ಬಗ್ಗದುದರಿಂದ ಒತ್ತಡ ಏರುತ್ತಿತ್ತು. ಸೀಸದ ಗುಂಡಿಗೆ ಹಾಕುತ್ತಿದ್ದ ಮದ್ದಿನ ಅಳತೆಯನ್ನೇ ತಾಮ್ರಕ್ಕೂ ಹಾಕಿದರೆ ಅಪಾಯವಿತ್ತು. ಇದಲ್ಲದೆ ಆರಂಭದ ಗುಂಡುಗಳು ನಳಿಗೆಯಲ್ಲಿ ತಾಮ್ರದ ಲೇಪವನ್ನು ಬಿಟ್ಟು ಗುರಿಯನ್ನು ಕೆಡಿಸುತ್ತಿದ್ದವು.

ಇವುಗಳಿಗೆ ಉತ್ತರಗಳು ಕ್ರಮೇಣ ರೂಪುಗೊಂಡವು. ತಾಮ್ರವು ತೂಕವನ್ನು ಕಳೆದುಕೊಳ್ಳದೆ ನುಗ್ಗುವುದರಿಂದ 180 ಗ್ರೇನ್ ತೂಕದ ಸೀಸದ ಗುಂಡಿನ ಬದಲಿಗೆ 165 ಅಥವಾ 150 ಗ್ರೇನ್ ತೂಕದ ತಾಮ್ರದ ಗುಂಡು ಸಾಕೆಂಬುದು ತಿಳಿಯಿತು. ಗುಂಡಿಗೂ ಸುರುಳಿ ಗೆರೆಗಳ ಆರಂಭಕ್ಕೂ ನಡುವೆ ಸ್ವಲ್ಪ ಅಂತರ ಬಿಟ್ಟು ಕೂರಿಸಿದರೆ ಒತ್ತಡ ತಗ್ಗಿ ಗುರಿ ಸುಧಾರಿಸುವುದೆಂಬ ಅನುಭವ ಸಾಮಾನ್ಯವಾಯಿತು. ವೇಗ ತೀರ ಕುಗ್ಗಿದಾಗ ಮೂತಿ ಬಿಚ್ಚಿಕೊಳ್ಳದೆಂಬ ಮಿತಿಯೂ ಅರಿವಿಗೆ ಬಂದು, ದೂರದ ಈಡಿಗೆ ಎಲ್ಲೆ ಗೊತ್ತುಪಡಿಸಿಕೊಳ್ಳಬೇಕಾಯಿತು. ತಯಾರಕರು ಪ್ರತಿಯೊಂದು ಗುಂಡಿಗೂ ಪ್ರತ್ಯೇಕ ಅಳತೆಗಳ ಕೈಪಿಡಿಯನ್ನು ಪ್ರಕಟಿಸಿದರು. 2003ರಲ್ಲಿ ಬಂದ 'ಟ್ರಿಪಲ್ ಶಾಕ್' ಗುಂಡಿನ ಮೈಗೆ ಉಂಗುರದಂತಹ ಕಾಲುವೆಗಳನ್ನು ಕೊರೆಯಲಾಯಿತು. ಉಜ್ಜುವ ಮೈ ಕಡಿಮೆಯಾಗಿ, ಒತ್ತಡ ಮತ್ತು ಲೇಪ ಎರಡೂ ತಗ್ಗಿದವು. ಹದಿನಾಲ್ಕು ವರ್ಷಗಳ ಈ ಅವಧಿಯನ್ನು ತಾಮ್ರದ ಗುಂಡಿನ ಪರೀಕ್ಷಾಕಾಲವೆಂದು ಕರೆಯಬಹುದು.

ಕಾಂಡರ್ ಮತ್ತು ಕಾನೂನು

ಇದೇ ಅವಧಿಯಲ್ಲಿ ಬೇರೊಂದು ಕ್ಷೇತ್ರದಲ್ಲಿ ಸೀಸದ ವಿಚಾರಣೆ ನಡೆದಿತ್ತು. ಕ್ಯಾಲಿಫೋರ್ನಿಯಾದ ಕಾಂಡರ್, ರೆಕ್ಕೆ ಬಿಚ್ಚಿದರೆ ಸುಮಾರು 3 ಮೀಟರ್ ಅಗಲವಾಗುವ, ಸತ್ತ ಪ್ರಾಣಿಗಳನ್ನು ತಿಂದು ಬದುಕುವ ಪಕ್ಷಿ. 1982ರಲ್ಲಿ ಜಗತ್ತಿನಲ್ಲಿ ಉಳಿದಿದ್ದ ಕಾಂಡರ್‌ಗಳು 22 ಮಾತ್ರ. 1987ರಲ್ಲಿ ಕೊನೆಯ ಕಾಡುಹಕ್ಕಿಯನ್ನೂ ಹಿಡಿದು ಸಂರಕ್ಷಣೆಗೆ ತಂದಾಗ ಒಟ್ಟು ಸಂಖ್ಯೆ 27 ಆಗಿತ್ತು. 1992ರಿಂದ ಕ್ಯಾಲಿಫೋರ್ನಿಯಾದಲ್ಲಿಯೂ 1996ರಿಂದ ಅರಿಜೋನಾದಲ್ಲಿಯೂ ಅವುಗಳನ್ನು ಮರಳಿ ಬಿಡಲಾಯಿತು. ಬಿಟ್ಟ ಹಕ್ಕಿಗಳು ಸೀಸದ ವಿಷದಿಂದ ಸಾಯತೊಡಗಿದವು.

ಬೇಟೆಗಾರನು ಜಿಂಕೆಯ ಕರುಳು ಮುಂತಾದ ಒಳಾಂಗಗಳನ್ನು ಕಾಡಿನಲ್ಲಿಯೇ ಬಿಟ್ಟು ಹೋಗುತ್ತಾನೆ. 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸೀಸದ ಗುಂಡಿಗೆ ಬಲಿಯಾದ ಜಿಂಕೆಗಳ ಅವಶೇಷಗಳನ್ನು ಕ್ಷಕಿರಣದಿಂದ ಪರೀಕ್ಷಿಸಿದಾಗ, ಅನೇಕವುಗಳಲ್ಲಿ ನೂರಕ್ಕೂ ಮಿಕ್ಕ ಲೋಹದ ಚೂರುಗಳು ಕಂಡವು. ತಾಮ್ರದ ಗುಂಡು ತಗುಲಿದವುಗಳಲ್ಲಿ ಚೂರುಗಳು ತೀರ ವಿರಳವಾಗಿದ್ದವು. ಅದೇ ವರ್ಷದ ಇನ್ನೊಂದು ಅಧ್ಯಯನವು ಕಾಂಡರ್‌ಗಳ ರಕ್ತದಲ್ಲಿದ್ದ ಸೀಸದ ಐಸೊಟೋಪುಗಳನ್ನು ತೋಟಾಗಳ ಸೀಸದೊಡನೆ ಹೋಲಿಸಿ ಸಂಬಂಧವನ್ನು ತೋರಿಸಿತು. 2008ರಲ್ಲಿ ಉತ್ತರ ಡಕೋಟಾ ರಾಜ್ಯದಲ್ಲಿ ಬಡವರಿಗೆಂದು ದಾನ ಮಾಡಿದ ಜಿಂಕೆ ಮಾಂಸದಲ್ಲಿಯೂ ಸೀಸದ ಚೂರುಗಳು ಕಂಡುಬಂದು, ಅದನ್ನು ಹಂಚದಂತೆ ಸೂಚಿಸಲಾಯಿತು. ಪ್ರಶ್ನೆ ಹಕ್ಕಿಯದಷ್ಟೇ ಆಗಿ ಉಳಿಯಲಿಲ್ಲ.

ಕ್ಯಾಲಿಫೋರ್ನಿಯಾ 2007ರಲ್ಲಿ ಕಾಂಡರ್ ವಾಸಿಸುವ ಪ್ರದೇಶದ ದೊಡ್ಡ ಬೇಟೆಯಲ್ಲಿ ಸೀಸದ ಗುಂಡನ್ನು ನಿಷೇಧಿಸಿ 2008ರ ಜುಲೈಯಿಂದ ಜಾರಿಗೆ ತಂದಿತು. 2013ರ ಕಾನೂನು ಈ ನಿಷೇಧವನ್ನು ಇಡೀ ರಾಜ್ಯದ ಬೇಟೆಗೆ ವಿಸ್ತರಿಸಿ 2019ರ ಜುಲೈ 1ರಂದು ಪೂರ್ಣವಾಗಿ ಜಾರಿಯಾಯಿತು. ಅರಿಜೋನಾ ಬೇರೆಯ ದಾರಿ ಹಿಡಿಯಿತು. 2005ರಿಂದ ಸೀಸರಹಿತ ತೋಟಾಗಳನ್ನು ಬೇಟೆಗಾರರಿಗೆ ಉಚಿತವಾಗಿ ನೀಡಿ ಮನವೊಲಿಸಿತು. ಅಲ್ಲಿ ಶೇಕಡಾ 80ಕ್ಕೂ ಹೆಚ್ಚು ಬೇಟೆಗಾರರು ಸ್ವಇಚ್ಛೆಯಿಂದ ಸಹಕರಿಸಿದ ವರ್ಷಗಳುಂಟು. ವಿರೋಧವೂ ಇಲ್ಲದಿರಲಿಲ್ಲ. ತಾಮ್ರದ ತೋಟಾ ದುಬಾರಿ, ಹಳೆಯ ರೈಫಲ್ಲುಗಳಿಗೆ ದೊರೆಯದು, ಇದು ಬೇಟೆಯನ್ನೇ ನಿಲ್ಲಿಸುವ ಉಪಾಯ ಎಂಬ ಆಕ್ಷೇಪಗಳು ಬಂದವು. ಕೇಂದ್ರ ಸರ್ಕಾರದ ವನ್ಯಜೀವಿ ಇಲಾಖೆಯು ತನ್ನ ಭೂಮಿಯಲ್ಲಿ ಸೀಸವನ್ನು ಹಂತಹಂತವಾಗಿ ನಿಲ್ಲಿಸಲು 2017ರ ಜನವರಿಯಲ್ಲಿ ಹೊರಡಿಸಿದ ಆದೇಶವು ಮಾರ್ಚ್ ತಿಂಗಳಲ್ಲಿಯೇ ರದ್ದಾಯಿತು. ಯುರೋಪಿನಲ್ಲಿ ಡೆನ್ಮಾರ್ಕ್ 2024ರ ಏಪ್ರಿಲ್‌ನಿಂದ ಬೇಟೆಯ ರೈಫಲ್ಲುಗಳಿಗೂ ಸೀಸದ ಗುಂಡನ್ನು ನಿಷೇಧಿಸಿತು.

ಉಪಸಂಹಾರ

1989 ಮತ್ತು 2008, ಈ ಎರಡು ವರ್ಷಗಳ ನಡುವಿನ ಅಂತರವೇ ಈ ಚರಿತ್ರೆಯ ತಿರುಳು. ಪರ್ಯಾಯ ಲೋಹದ ಗುಂಡು ಕಾನೂನಿಗಿಂತ ಸುಮಾರು ಎರಡು ದಶಕ ಮೊದಲೇ ಬಂದಿತ್ತು. ಅದರ ದೋಷಗಳು ಸಾವಿರಾರು ತೋಟಾ ತುಂಬುವವರ ಮೇಜುಗಳ ಮೇಲೆ ಬೆಳಕಿಗೆ ಬಂದು ಬಹುಮಟ್ಟಿಗೆ ಪರಿಹಾರವಾಗಿದ್ದವು. ಕಾರ್ಖಾನೆಯ ತೋಟಾ ದೊರೆಯದ ಹಳೆಯ ರೈಫಲ್ಲಿಗೆ ತಾಮ್ರದ ಗುಂಡನ್ನು ಹೊಂದಿಸಿಕೊಳ್ಳುವ ದಾರಿಯೂ ಅವರಲ್ಲಿಯೇ ಇತ್ತು. ಪರೀಕ್ಷಿತವಾದ ಬದಲಿ ವಸ್ತು ಕೈಗೆಟುಕುವಂತಿದ್ದಾಗ ನಿಷೇಧವು ಕಾರ್ಯಸಾಧ್ಯವಾಗುತ್ತದೆ ಎಂಬುದಕ್ಕೆ ಭಾರತದ ರಣಹದ್ದುಗಳ ವೃತ್ತಾಂತವೂ ಸಾಕ್ಷಿಯಾಗಿದೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧವೇ ರಣಹದ್ದುಗಳ ಸಾವಿಗೆ ಕಾರಣವೆಂದು 2004ರಲ್ಲಿ ತಿಳಿದುಬಂದಿತು. ಮೆಲೋಕ್ಸಿಕಾಮ್ ಎಂಬ ನಿರಪಾಯಕಾರಿ ಔಷಧವಿದ್ದುದರಿಂದ 2006ರಲ್ಲಿ ಅದರ ಪಶುವೈದ್ಯಕೀಯ ಬಳಕೆಯನ್ನು ನಿಷೇಧಿಸಲು ಸಾಧ್ಯವಾಯಿತು. 2012ರಲ್ಲಿ ಘೋಷಿತವಾದ ರಾಮನಗರದ ರಾಮದೇವರ ಬೆಟ್ಟದ ರಣಹದ್ದು ಧಾಮವು ಆ ದುರಂತದ ಹಿನ್ನೆಲೆಯಲ್ಲಿಯೇ ರೂಪುಗೊಂಡುದು.

ಆದರೂ ಬದಲಿ ವಸ್ತು ಇದ್ದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಕಾಂಡರ್‌ಗಳ ಸಂಖ್ಯೆ 2020ರ ದಶಕದ ಆರಂಭದಲ್ಲಿ 500ನ್ನು ದಾಟಿದರೂ, ಸೀಸದ ವಿಷವು ಅವುಗಳ ಸಾವಿನ ಮುಖ್ಯ ಕಾರಣವಾಗಿಯೇ ಉಳಿದಿದೆ. ಕಾಡಿನ ಹಕ್ಕಿಗಳನ್ನು ಮತ್ತೆ ಮತ್ತೆ ಹಿಡಿದು, ರಕ್ತ ಪರೀಕ್ಷಿಸಿ, ಚಿಕಿತ್ಸೆ ನೀಡಿ ಬಿಡಬೇಕಾಗಿದೆ. ಒಂದೇ ಒಂದು ಸೀಸದ ಗುಂಡು ಬಿಟ್ಟುಹೋದ ಅವಶೇಷ ಹಲವು ಹಕ್ಕಿಗಳ ಪಾಲಿಗೆ ವಿಷವಾಗಬಲ್ಲದು. ಆದ್ದರಿಂದ ಗುಂಡಿನ ಚರಿತ್ರೆಯನ್ನು ನಳಿಗೆಯ ಬಾಯಿಗೆ ನಿಲ್ಲಿಸಲಾಗದು. ಅದು ಹೊರಬಂದ ಮೇಲೆ ಎಲ್ಲಿ ಸೇರಿತು, ಯಾರ ಆಹಾರವಾಯಿತು ಎಂಬುದೂ ಆ ಚರಿತ್ರೆಯ ಭಾಗವೇ ಆಗಿದೆ.